ಸೂರಿನ ಕೆಳಗಿನ ಬಿಳಿ ಕರಡಿ

ನಾನು ಬರೆದ ನೂರಾರು ಘೋಷವಾಕ್ಯಗಳಲ್ಲಿ ದಿನವೂ ತಪ್ಪದೆ ಓದಿಸಿಕೊಳ್ಳುತ್ತಿರುವುದು ಒಂದೇ ಒಂದು. ಅದು ಕಗ್ಗದಾಸಪುರದ ನಮ್ಮ ಬೀದಿಯ ಕೊನೆಯಲ್ಲಿ, ಶರಣಮ್ಮನ ಬಾಡಿಗೆ ಕೋಣೆಯ ತಗಡಿನ ಸೂರಿನ ಕೆಳಗೆ, ಅಂಗಾತ ಮಲಗಿದವರ ಕಣ್ಣಿಗೆ ಬೀಳುವಂತೆ ತೂಗುತ್ತಿದೆ. ‘ಭೂಮಿ ಬಿಸಿಯಾಗುತ್ತಿದೆ, ಎಚ್ಚರ!’ ಎಂಬ ಅಕ್ಷರಗಳು, ಅವುಗಳ ಕೆಳಗೆ ಚೂರು ಹಿಮದ ಮೇಲೆ ನಿಂತ ಒಂದು ಬಿಳಿ ಕರಡಿ. ಆ ಫ್ಲೆಕ್ಸಿನ ಕಥೆ ಹೇಳಿದರೆ ನನ್ನ ಮಾನ ಸ್ವಲ್ಪ ಹೋಗುತ್ತದೆ, ಆದರೂ ನಿಮ್ಮಲ್ಲಿ ಮುಚ್ಚುಮರೆ ಏಕೆ?

ಪರಿಸರ ಜಾಗೃತಿಯ ಕರಪತ್ರ, ಬ್ಯಾನರುಗಳಿಗೆ ಕನ್ನಡದಲ್ಲಿ ಬರೆದುಕೊಡುವುದು ನನ್ನ ಕಸುಬು. ಕಳೆದ ಬೇಸಿಗೆಯಲ್ಲಿ ಇಂದಿರಾನಗರದ ಸಭಾಂಗಣವೊಂದರಲ್ಲಿ, ಹವಾಮಾನದ ಸಂಕಟದ ಬಗ್ಗೆ ಹೇಗೆ ಮಾತಾಡಿದರೆ ಜನ ಎದ್ದು ಕೆಲಸಕ್ಕಿಳಿಯುತ್ತಾರೆ ಎಂದು ಇಡೀ ದಿನ ಚರ್ಚಿಸಿದೆವು. ಮಾತು ಕಾವೇರಿದಷ್ಟೂ ಎ.ಸಿ.ಯ ಚಳಿಯೂ ಏರುತ್ತಿದ್ದುದರಿಂದ, ಸನ್ಮಾನದ ಶಾಲು ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಜನರನ್ನು ಹೆದರಿಸಬೇಕೋ, ಅಳಿಸಬೇಕೋ, ಆಸೆ ತೋರಿಸಬೇಕೋ ಎಂದು ಸಂಜೆಯವರೆಗೆ ವಾದಿಸಿದ ನಮಗೆ, ಆ ಜನರಲ್ಲಿ ಒಬ್ಬರನ್ನಾದರೂ ಕರೆಯಬೇಕಿತ್ತೆಂದು ಬಿಸಿ ಬಜ್ಜಿ ತಿನ್ನುವಾಗಲೂ ಹೊಳೆಯಲಿಲ್ಲ. ಪ್ಲಾಸ್ಟಿಕ್ ಬೇಡವೆನ್ನುವುದನ್ನೂ ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚು ಹಾಕಿಸಿದ್ದೆವು. ಉಳಿದ ಫ್ಲೆಕ್ಸುಗಳಲ್ಲಿ ಆ ಬಿಳಿ ಕರಡಿಯ ಎರಡನ್ನು ಸಂಘಟಕರು ನನ್ನ ತಲೆಗೆ ಕಟ್ಟಿದರು.

ಒಂದನ್ನು ನಮ್ಮ ಬೀದಿಯ ಮಳೆನೀರಿನ ಮೋರಿಯ ಪಕ್ಕದ ಕಂಬಕ್ಕೆ ಕಟ್ಟಿಸಿದೆ. ವಾರದೊಳಗೆ ಗಾಳಿಗೆ ಹಾರಿಹೋಯಿತು, ನಾನೂ ಮರೆತೆ. ಇನ್ನೊಂದನ್ನು, ನಮ್ಮ ಮನೆಯಲ್ಲಿ ಅಡುಗೆ ಮಾಡುವ ರಾಯಚೂರಿನ ಕಡೆಯ ಶರಣಮ್ಮ ಕೇಳಿ ಒಯ್ದಳು. “ತಗಡು ಕಾದು ತಲಿ ಸುಡ್ತದ್ರಿ ಅಕ್ಕಾರ, ಕೆಳಗ ಕಟ್ಕೋತೀನಿ” ಎಂದಳು.

ಹದಿನೈದು ದಿನ ಕಳೆದ ಮೇಲೆ, ರೊಟ್ಟಿ ತಟ್ಟುತ್ತಾ ಕೇಳಿದಳು: “ಅಕ್ಕಾರ, ಆ ಕರಡಿ ಮನ್ಯಾಗೂ ನೀರು ಹೊಕ್ಕದೇನ್ರಿ?”

ಧ್ರುವ, ಹಿಮ, ಸಮುದ್ರ ಎಂದು ನಾನು ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಮುಂದುವರಿಸಿದಳು. “ಹೋದ ಮಳಿಗಾಲ ಮೋರಿ ಕಟ್ಕೊಂಡು ನಮ್ಮನ್ಯಾಗೂ ಹಿಂಗೇ ಹೊಕ್ಕಿತ್ತು. ಊರಿಂದ ತಂದ ಜ್ವಾಳದ ಚೀಲ ಪೂರಾ ತೊಯ್ದು ಮೊಳಕಿ ಬಂತು. ಈ ಸರ್ತೀನೂ ತೊಯ್ದ್ರ ವರ್ಷಾ ಪೂರ್ತಿ ಏನ್ ತಿನ್ಬೇಕ್ರಿ? ಎಚ್ಚರ ಅಂತ ಬರ್ದೀರಿ, ಖರೆ. ನಾ ಎಚ್ಚರಾಗೇ ಮಲಗೀನಿ. ಮುಂದ ಏನ್ ಮಾಡ್ಬೇಕಂತ ಬರ್ದೇ ಇಲ್ಲಲ್ರಿ?”

ನನಗೆ ನಾಚಿಕೆಯಾಯಿತು. ನನ್ನ ವಾಕ್ಯಗಳಲ್ಲಿ ಭೂಮಂಡಲವಿತ್ತು, ಮನುಕುಲವಿತ್ತು, ಮುಂದಿನ ಪೀಳಿಗೆಯಿತ್ತು; ಒಂದು ಬೀದಿಯಾಗಲಿ, ಒಂದು ವಾರವಾಗಲಿ, ಗಡಿಯಾರದ ಒಂದು ಗಂಟೆಯಾಗಲಿ ಇರಲಿಲ್ಲ. ಒಂದು ರಟ್ಟು ಹುಡುಕಿ ಬರೆದೆ: ‘ಭಾನುವಾರ ಬೆಳಿಗ್ಗೆ ಏಳಕ್ಕೆ ಸಲಿಕೆ ಹಿಡಿದು ಮೋರಿಯ ಬಳಿ ಬನ್ನಿ. ಮಳೆ ಬಂದರೆ ನೀರು ಮೊದಲು ಶರಣಮ್ಮನ ಮನೆಗೆ ನುಗ್ಗುತ್ತದೆ, ಆಮೇಲೆ ನಿಮ್ಮ ನೆಲಮಾಳಿಗೆಯ ಕಾರುಗಳಿಗೆ.’ ದಿನಸಿ ಅಂಗಡಿಯ ಬಾಗಿಲಿಗೆ ನೇತುಹಾಕಿದೆ. ಇಷ್ಟು ಅಲಂಕಾರಹೀನವಾದದ್ದನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ಹನ್ನೊಂದು ಮಂದಿ ಬಂದರು. ಒಂಬತ್ತು ಮಂದಿ ಕಾರಿನವರು! ಮೊಮ್ಮಕ್ಕಳ ಭವಿಷ್ಯಕ್ಕೆ ಅಲ್ಲಾಡದವರು ಕಾರಿನ ಭವಿಷ್ಯಕ್ಕೆ ಕಾಫಿಯನ್ನೂ ಕುಡಿಯದೆ ಓಡಿಬಂದಿದ್ದರು. ಬಂದರಲ್ಲ, ಸಾಕು, ಸಲಿಕೆಗೆ ಹಿಡಿದವರ ಉದ್ದೇಶ ತಿಳಿಯುವುದಿಲ್ಲ. ಎದುರುಮನೆಯ ಶ್ರೀಧರ ಮೋರಿಯ ಬಾಯಿಗೆ ಕೊಕ್ಕೆ ಹಾಕಿ ಕೂಗಿದ: “ಏನೋ ಅಡ್ಡ ಸಿಕ್ಕಾಕ್ಕೊಂಡಿದೆ ಗುರು, ಎಲ್ರೂ ಎಳೀರಿ!” ಎಳೆದರು. ಕಪ್ಪು ಕೆಸರು ಸುರಿಸುತ್ತಾ ಹಾಸಿಗೆಯಗಲದ ಫ್ಲೆಕ್ಸೊಂದು ಹೊರಬಂತು. ಶ್ರೀಧರ ಕಾಲಿನಿಂದ ಒರೆಸಿ ಗಟ್ಟಿಯಾಗಿ ಓದಿದ: “‘ಭೂಮಿ ಬಿಸಿಯಾಗುತ್ತಿದೆ, ಎಚ್ಚರ!’ ಯಾವನ್ ಮೇಡಂ ಇದನ್ನ ಬರ್ದೋನು?”

ಘೋಷವಾಕ್ಯದ ಕೆಳಗೆ ನನ್ನ ಹೆಸರು ಹಾಕದ ಸಂಘಟಕರ ಮೇಲಿದ್ದ ನನ್ನ ಹಳೆಯ ಮುನಿಸು ಆ ಕ್ಷಣಕ್ಕೆ ಇಳಿದುಹೋಯಿತು. ಪಕ್ಕದಲ್ಲೇ ಸಲಿಕೆ ಹಿಡಿದಿದ್ದ ಶರಣಮ್ಮ ನನ್ನ ಮುಖ ನೋಡಿ, ಮತ್ತೆ ಕೆಸರು ಬಾಚತೊಡಗಿದಳು.

ಮೊದಲ ದೊಡ್ಡ ಮಳೆಯ ಮರುದಿನ ಅವಳ ಕೋಣೆಗೆ ಹೋದೆ. ನೆಲ ಒಣಗಿಯೇ ಇತ್ತು, ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಜೋಳದ ಚೀಲ ಬೆಚ್ಚಗೆ ಕುಳಿತಿತ್ತು. “ಈ ಸರ್ತಿ ಜ್ವಾಳ ಉಳೀತ್ರಿ ಅಕ್ಕಾರ” ಎಂದವಳು, ಸೂರಿನತ್ತ ಕತ್ತೆತ್ತಿದಳು. ಆಮೇಲೆ ಕೇಳಿದಳು: “ಆ ಕರಡಿ ಓಣ್ಯಾಗ ಯಾರಾರ ರಟ್ಟಿನ ಮ್ಯಾಲ ಬರ್ದು ಹಚ್ಯಾರೇನ್ರಿ?”

ನಾನೂ ಮೇಲೆ ನೋಡಿದೆ. ‘ಎಚ್ಚರ’ದ ಮುಂದೆ, ಫ್ಲೆಕ್ಸಿನ ಅಂಚಿನವರೆಗೆ, ಬೇಕಾದಷ್ಟು ಜಾಗ ಖಾಲಿಯಿತ್ತು.