ಅಕ್ಕನ ಎಡಗೈ ಮತ್ತು ಬೇರೆ ಕಂಪನಿಯ ಕ್ಯಾಮೆರಾ

ಆಸ್ಪತ್ರೆಯ ವಿಡಿಯೊ ಗೇಮಿನ ಕ್ಯಾಮೆರಾ ಕೆಟ್ಟಿದೆ ಎಂದು ಫಿಸಿಯೋಥೆರಪಿ ಮೇಡಂ ಫೋನ್ ಮಾಡಿದಾಗ ನಾನು ಗದಗಿನ ನನ್ನ ರಿಪೇರಿ ಅಂಗಡಿಯಲ್ಲಿ ಯಾರದೋ ಟಿವಿಯ ಬೆನ್ನು ಬಿಚ್ಚಿಕೊಂಡು ಕುಳಿತಿದ್ದೆ. "ನಾಳೆ ಅಕ್ಕಾರನ್ನ ಕರಕೊಂಡ ಬರಬ್ಯಾಡ್ರಿ, ಆಟ ಬಂದ್ ಆಗೇತಿ" ಎಂದರು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. "ಆಟ ಬಂದಾದ್ರ ನಮ್ಮಕ್ಕನ ಕೈ ಹೆಂಗ ಬರಬೇಕ್ರಿ?" ಎಂದು ಅವರ ಮೇಲೆಯೇ ಹಾರಿದೆ. ಪಾಪ, ಅವರೇನು ಮಾಡಿಯಾರು? ಇಲಿ ವೈರು ಕಡಿದು ಕ್ಯಾಮೆರಾ ಒಳಗಿನಿಂದ ಸುಟ್ಟುಹೋಗಿತ್ತು.

ಅಕ್ಕ ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದಾಗಲೇ ಲಕ್ವ ಹೊಡೆದಿತ್ತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಮಗ್ಗದ ಸಪ್ಪಳ ನಿಂತದ್ದಕ್ಕೆ ಹೊರಗೆ ಬಂದು ನೋಡಿದರೆ ಅಕ್ಕ ಒಂದು ಬದಿಗೆ ವಾಲಿ ಕುಳಿತಿದ್ದಳಂತೆ. ಮಾತು ಎರಡೇ ದಿನದಲ್ಲಿ ಮರಳಿತು. ಕಾಲೂ ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಎಡಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇತ್ತು. ಬಲಗೈ ಲಾಳಿಯ ಹಗ್ಗ ಜಗ್ಗಿದರೆ ಎಡಗೈ ನೂಲು ಒತ್ತುವ ಬಾಚಣಿಗೆಯಂಥ ಹಣಿಗೆಯನ್ನು ಎದೆಯ ಕಡೆಗೆ ಎಳೆದು ಬಡಿಯಬೇಕು. ಅದಿಲ್ಲದೆ ನೇಕಾರಿಕೆ ಇಲ್ಲ. ಅಪ್ಪ ಅವ್ವ ಹೋದ ಮೇಲೆ ಅಕ್ಕ ಆ ಎರಡು ಕೈಗಳಿಂದಲೇ ನನ್ನನ್ನು ಸಾಕಿದ್ದಳು, ಓದಿಸಿದ್ದಳು, ಅಂಗಡಿ ಹಾಕಿಸಿದ್ದಳು. ಮದುವೆ ಬೇಡವೆಂದಳು. ಏಕೆಂದು ನಾನು ಯಾವತ್ತೂ ಕೇಳಲಿಲ್ಲ, ಕೇಳಿದ್ದರೆ ಉತ್ತರ ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು.

ಆಸ್ಪತ್ರೆಯ ಆಟ ಸರಳವಾದದ್ದು. ಟಿವಿಯ ಮೇಲೆ ಕ್ಯಾಮೆರಾ, ಪರದೆಯಲ್ಲಿ ನಾವೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತೇವೆ. ಮೇಲಿನಿಂದ ಪೇರಲ, ಮಾವಿನಂಥ ಹಣ್ಣು ಬೀಳುತ್ತವೆ. ಕೈ ಎತ್ತಿ ಮುಟ್ಟಿದರೆ ಹಣ್ಣು ಒಡೆದು ಗಂಟೆ ಬಾರಿಸುತ್ತದೆ. ಅಕ್ಕನ ಕೈ ಮೊದಲ ಸಲ ಗೇಣಷ್ಟು ಮೇಲೆದ್ದು ಗಂಟೆ ಬಾರಿಸಿದಾಗ ಅವಳು ನಕ್ಕಳು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು. ಅಕ್ಕನನ್ನು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಮೇಡಂ ಎದುರಿಗೆ ಸ್ಟೂಲ್ ಹಾಕಿಕೊಂಡು, ಗಲ್ಲಕ್ಕೆ ಕೈಯಿಟ್ಟು, ಏನೂ ಅವಸರವಿಲ್ಲದವರ ಹಾಗೆ ಕುಳಿತಿರುತ್ತಿದ್ದರು. ಹೊರಡುವಾಗ ಮಾತ್ರ ನನ್ನನ್ನು ಬದಿಗೆ ಕರೆದು, "ಮೊದಲಿನ ತಿಂಗಳದಾಗ ಏನ ಬರತೈತಿ ಅದ ಖರೆ. ಆಮ್ಯಾಲ ಭಾಳ ತ್ರಾಸ ಆಕ್ಕೈತ್ರಿ, ಬಿಡಸಬ್ಯಾಡ್ರಿ" ಎಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಮೊಳೆಯಂತೆ ನೆಟ್ಟಿತ್ತು. ಈಗ ಕ್ಯಾಮೆರಾ ಕೆಟ್ಟರೆ ನಾನು ಸುಮ್ಮನೆ ಹೇಗಿರಲಿ?

ಆ ಕ್ಯಾಮೆರಾ ಮಾಡುವುದನ್ನು ಕಂಪನಿ ಎಂದೋ ನಿಲ್ಲಿಸಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರದ ಪರಿಚಯದ ಅಂಗಡಿಗಳಿಗೆಲ್ಲ ಫೋನ್ ಹಚ್ಚಿದೆ, ಎಲ್ಲಿಯೂ ಇರಲಿಲ್ಲ. ಕೊನೆಗೆ ಮುಂಡರಗಿಯಲ್ಲಿ ಹಳೆ ಸಾಮಾನಿನ ಅಂಗಡಿಯವನು, "ಕ್ಯಾಮೆರಾ ಐತ್ರಿ, ಆದ್ರ ನಿಮ್ಮ ಕಂಪನೀದಲ್ಲ, ಅದರ ಎದುರಾಳಿ ಕಂಪನೀದು. ಎರಡಕ್ಕೂ ಕೂಡಂಗಿಲ್ಲ" ಎಂದ. ನಾನು ಬಸ್ ಹತ್ತಿ ಹೋಗಿ ಅದನ್ನೇ ತಂದೆ. ಅವನು ಅದನ್ನು ಒಂದು ಒಡೆದ ಮಿಕ್ಸರ್ ಜಾರಿನೊಳಗೆ ಇಟ್ಟಿದ್ದ. ಮೇಡಂ ಬಳಿ ಬೇಡಿಕೊಂಡು ಆಸ್ಪತ್ರೆಯ ಆಟದ ಡಬ್ಬಿಯನ್ನೂ ಸುಟ್ಟ ಕ್ಯಾಮೆರಾವನ್ನೂ ಅಂಗಡಿಗೆ ತಂದುಕೊಂಡೆ.

ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಒಬ್ಬರ ಸಾಮಾನು ಇನ್ನೊಬ್ಬರ ಡಬ್ಬಿಯಲ್ಲಿ ನಡೆಯಬಾರದೆಂದು ಎರಡೂ ಕಂಪನಿಗಳು ಬೇಕೆಂತಲೇ ಪ್ಲಗ್ಗಿನ ಆಕಾರ ಬೇರೆ ಮಾಡಿವೆ, ಇಷ್ಟೇ ತಾನೇ ಎಂದು ಮುಂಡರಗಿಯ ಕ್ಯಾಮೆರಾದ ಪ್ಲಗ್ಗು ಕತ್ತರಿಸಿ ಸುಟ್ಟ ಕ್ಯಾಮೆರಾದ ಪ್ಲಗ್ಗನ್ನು ಬೆಸುಗೆ ಹಾಕಿದೆ. ದೀಪ ಹತ್ತಿತು, ಎರಡು ಸಲ ಮಿಣುಕಿ ಆರಿತು. ಡಬ್ಬಿಗೆ ಅದು ಬೇರೆಯವರ ಕ್ಯಾಮೆರಾ ಎಂದು ಗೊತ್ತಾಗುತ್ತಿತ್ತು. ವೈರು ಸೇರಿಸಿದ ಕೂಡಲೇ ಡಬ್ಬಿ ಕ್ಯಾಮೆರಾಕ್ಕೆ ನೀನು ಯಾರು ಎಂದು ಕೇಳುತ್ತದೆ, ಕ್ಯಾಮೆರಾ ತನ್ನ ಕಂಪನಿಯ ಗುರುತು ಹೇಳುತ್ತದೆ, ಅಲ್ಲಿಗೆ ಮಾತು ಮುರಿಯುತ್ತದೆ.

ಎರಡೂ ಕ್ಯಾಮೆರಾಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟೆ. ದೊಡ್ಡ ಚಿಪ್ ಎರಡರಲ್ಲೂ ಒಂದೇ. ಅದರ ಮೇಲೆ ಅಚ್ಚಾದ ನಂಬರೂ ಒಂದೇ. ಹೊರಗೆ ಇಷ್ಟು ಜಿದ್ದು, ಒಳಗೆ ಇಬ್ಬರದೂ ಒಂದೇ ಕಾರ್ಖಾನೆಯ ಮಾಲು! ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಇವರ ಈ ದೊಡ್ಡಸ್ತಿಕೆಗೆ ನಮ್ಮಕ್ಕ ಯಾಕೆ ಕೈ ಕಳೆದುಕೊಳ್ಳಬೇಕು? ಗುರುತು ಬರೆದಿಟ್ಟಿದ್ದು ಇನ್ನೊಂದು ಸಣ್ಣ ಚಿಪ್ಪಿನಲ್ಲಿ. ಜೋಳದ ಕಾಳಿನಷ್ಟು, ಎಂಟು ಕಾಲು. ಸುಟ್ಟ ಕ್ಯಾಮೆರಾದಲ್ಲಿ ಅದೊಂದು ಉಳಿದುಕೊಂಡಿತ್ತು. ಅದನ್ನು ಬಿಸಿಗಾಳಿಯಿಂದ ಎಬ್ಬಿಸಿ ತೆಗೆದು ಮುಂಡರಗಿಯ ಕ್ಯಾಮೆರಾದೊಳಗೆ ಕೂರಿಸಬೇಕು. ಮೊದಲ ದಿನ ಅವಸರ ಮಾಡಿ ಬೋರ್ಡಿನ ತಾಮ್ರದ ಒಂದು ಎಳೆ ಕಿತ್ತೆ. ಮರುದಿನ ಕೂದಲಿನಂಥ ತಂತಿ ಹಾಕಿ ಅದನ್ನು ಜೋಡಿಸಿದೆ. ಮೂರನೆಯ ದಿನ ಡಬ್ಬಿ ಕೇಳಿತು, ಕ್ಯಾಮೆರಾ ಸತ್ತವನ ಹೆಸರು ಹೇಳಿತು, ಡಬ್ಬಿ ನಂಬಿತು. ಟಿವಿಯಲ್ಲಿ ನನ್ನ ಗಡ್ಡದ ಮುಖ ಕಂಡಿತು. ಅಂಗಡಿಯಲ್ಲಿ ಒಬ್ಬನೇ ಇದ್ದೆ, ಯಾರಿಗೆ ಹೇಳಲಿ ಎಂದು ತಿಳಿಯದೆ ಎದುರಿನ ಚಹಾದವನಿಗೆ ಹೇಳಿದೆ. ಅವನು "ಹೌದಾ?" ಎಂದು ಚಹಾ ಸೋಸಿದ.

ಮೇಡಂ ಬಂದು ನೋಡಿ ಬೆರಗಾದರು. ಡಬ್ಬಿ ಸ್ವಲ್ಪ ದಿನ ನಮ್ಮ ಮನೆಯಲ್ಲೇ ಇರಲಿ, ದಿನಾ ಆಡಿಸಿ, ಮಾರ್ಕು ನನಗೆ ಕಳಿಸಿ ಎಂದರು. ಮನೆಯಲ್ಲಿ ಮಗ್ಗ ಬಿಚ್ಚಿಟ್ಟು ಅದರ ಕುಣಿಗೆ ನಾನು ಆಗಲೇ ಹಲಗೆ ಮುಚ್ಚಿದ್ದೆ. ನಮ್ಮದು ಕುಣಿ ಮಗ್ಗ, ನೇಕಾರರು ನೆಲದ ಮೇಲೆ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಾರೆ. ಅಕ್ಕ ಕಾಲು ಜಾರಿ ಅದರೊಳಗೆ ಬಿದ್ದರೆ ಎಂಬ ಹೆದರಿಕೆ ನನ್ನದು. ಆ ಹಲಗೆಗಳ ಮೇಲೆ ಪ್ಲಾಸ್ಟಿಕ್ ಖುರ್ಚಿ ಹಾಕಿ ಅಕ್ಕನನ್ನು ಕೂರಿಸಿದೆ. ಅವಳು ಒಂದೆರಡು ಸಲ "ಖುರ್ಚಿ ಮ್ಯಾಲ ಕುಂತ್ರ ನನಗ ಮೈ ಎಲ್ಲೈತಿ ಅನ್ನೋದ ತಿಳಿವಲ್ದೋ ತಮ್ಮಾ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ದಿನ ಒಂದೂ ಹಣ್ಣಿಲ್ಲ. ಎರಡನೆಯ ದಿನವೂ ಇಲ್ಲ. "ಎತ್ತ ಬೇ, ಎತ್ತ! ಆಸ್ಪತ್ರ್ಯಾಗ ಎತ್ತತಿದ್ದಿ, ಇಲ್ಲೇನಾತು?" ಎಂದು ಕೂಗಾಡಿದೆ. ಅಷ್ಟು ಕಷ್ಟಪಟ್ಟು ಮಾಡಿದ ಕ್ಯಾಮೆರಾದ ಮುಂದೆ ಅವಳು ಸುಮ್ಮನೆ ಕುಳಿತದ್ದು ನನಗೆ ಅವಮಾನದಂತೆ ಅನಿಸಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಅದು ಹಾಗೇ ಇತ್ತು. ಅಕ್ಕ ಬೆವರುತ್ತಿದ್ದಳು. ಹುಬ್ಬು ಗಂಟಿಕ್ಕಿ ಕೈಯನ್ನೇ ನೋಡುತ್ತಿದ್ದಳು.

ಮೂರನೆಯ ದಿನ ನಾನು ಅವಳ ಹಿಂದೆ ಹೋಗಿ ಕುಳಿತು ಅವಳ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ಎತ್ತಿದೆ. ಇದರಲ್ಲಿ ಮೋಸವಿದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ನೇಕಾರರ ಮನೆಯಲ್ಲಿ ಮಕ್ಕಳಿಗೆ ಕಲಿಸುವುದೇ ಹೀಗೆ. ಹಿರಿಯರು ಹಿಂದೆ ಕುಳಿತು, ಮಕ್ಕಳ ಕೈಯ ಮೇಲೆ ತಮ್ಮ ಕೈ ಇಟ್ಟು, ಹಗ್ಗ ಜಗ್ಗಿಸುತ್ತಾರೆ, ಹಣಿಗೆ ಬಡಿಸುತ್ತಾರೆ. ನನಗೂ ಅಕ್ಕ ಹಾಗೆಯೇ ಕಲಿಸಿದ್ದಳು. ಗಂಟೆ ಬಾರಿಸಿತು. ಮತ್ತೊಂದು ಹಣ್ಣು, ಮತ್ತೊಂದು ಗಂಟೆ. ಆ ಕ್ಯಾಮೆರಾಕ್ಕೆ ಹಣ್ಣಿನ ಜಾಗದಲ್ಲಿ ಏನು ಅಲುಗಿದರೂ ಸಾಕು, ಅದು ಯಾರ ಕೈ, ಯಾರ ಬಲ ಎಂದು ಅದು ಕೇಳುವುದಿಲ್ಲ. ಹನ್ನೆರಡು ಹಣ್ಣು. ಪರದೆಯ ಫೋಟೊ ತೆಗೆದು ಮೇಡಂಗೆ ಕಳಿಸಿದೆ. ಅವರು ಚಪ್ಪಾಳೆಯ ಗುರುತು ಕಳಿಸಿದರು.

ಆಮೇಲೆ ದಿನಾ ಅದೇ ಆಯಿತು. ಹದಿನೈದು, ಹದಿನೆಂಟು, ಇಪ್ಪತ್ತೆರಡು. ನಾನು ಅಂಗಡಿಯಿಂದ ಬೇಗ ಬಂದು ಅಕ್ಕನ ಹಿಂದೆ ಕುಳಿತುಬಿಡುತ್ತಿದ್ದೆ. ಅಕ್ಕನೂ ನಗುತ್ತಿದ್ದಳು. ಅವಳ ಕೈಯೇ ಏಳುತ್ತಿದೆ, ನಾನು ಸುಮ್ಮನೆ ಆಸರೆ ಅಷ್ಟೇ ಎಂದು ಹೆಂಡತಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಹೆಂಡತಿ ಒಂದು ದಿನ, "ನೀವು ಕೈ ಬಿಟ್ಟ ನೋಡ್ರಿ ಒಂದ ಸಲ" ಎಂದಳು. ಅವಳ ಮೇಲೆ ಹರಿಹಾಯ್ದೆ. ಮಾರ್ಕು ನೋಡಿದ ಮೇಡಂ, ಭಾಳ ಚಲೋ ನಡದೈತಿ, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬರುವುದು ಬೇಡ, ಮನೆಯಲ್ಲೇ ಆಡಿಸಿ ಎಂದರು. ನಾನು ಹೂಂ ಅಂದೆ.

ಇಪ್ಪತ್ತು ದಿನ ಕಳೆದ ಮೇಲೆ ತೋರಿಸಲು ಹೋದೆವು. ಮೇಡಂ ಮೇಜಿನ ಮೇಲೆ ಒಂದು ಲೋಟ ಇಟ್ಟು, "ಅಕ್ಕಾರ, ಎಡಗೈಲೆ ಇದನ್ನ ಮುಟ್ರಿ" ಎಂದರು. ಅಕ್ಕ ಲೋಟ ನೋಡಿದಳು. ಕೈ ಮಡಿಲಲ್ಲಿ ಅಲುಗಿತು, ಒಂದು ಬೆರಳು ಸೆಟೆಯಿತು, ಅಷ್ಟೇ. ಮೊದಲು ಗೇಣಷ್ಟು ಏಳುತ್ತಿದ್ದ ಕೈ ಈಗ ಅಷ್ಟೂ ಏಳಲಿಲ್ಲ. ಮೇಡಂ ನನ್ನ ಕಡೆ ನೋಡಿದರು. ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾದದ್ದೂ ಖರೆ. ಕಡೆಗೆ, "ನಾ ಹಿಂದ ಕುಂತ ಎತ್ತತಿದ್ದೆ ರೀ. ಆ ಮಾರ್ಕು ಎಲ್ಲಾ ನಂದು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ತಿರುಗಿ ಅಂದು ಹಗುರಾಗುತ್ತಿದ್ದೆ. ಎಷ್ಟು ದಿನ ಎಂದು ಕೇಳಿ ಕಾಗದದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಅಕ್ಕ ನಡುವೆ ಬಾಯಿ ಹಾಕಿದಳು. "ಅವಂಗ ಏನೂ ಅನಬ್ಯಾಡ್ರಿ. ಅವ ಎತ್ತಿದ್ದಲ್ಲ, ನಾನ ಎತ್ತಿಸ್ಕೊಂಡೆ. ಗಂಟಿ ಬಾರಿಸಿದಾಗೊಮ್ಮೆ ಅಂವ ಸಣ್ಣ ಹುಡುಗರಂಗ ಖುಷಿ ಆಗತಿದ್ದ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

ಇಷ್ಟು ದಿನ ನಾನು ಅವಳಿಗಾಗಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ನನಗಾಗಿ ಕೂರುತ್ತಿದ್ದಳು. ಮೊದಲಿನಿಂದಲೂ ಹಾಗೆಯೇ ನಡೆದಿತ್ತು, ಕೈ ಬಿದ್ದುಹೋದ ಮೇಲೂ ಅದು ನಿಂತಿರಲಿಲ್ಲ. ದುಃಖ ಒತ್ತರಿಸಿ ಬಂತು, ಅಳಲಿಲ್ಲ, ಅಳುವ ಹಕ್ಕು ನನಗಿಲ್ಲ ಅನಿಸಿತ್ತು.

ಬೆಟಗೇರಿಗೆ ಮರಳುವಾಗ ಆಟೊದಲ್ಲಿ ಅಕ್ಕ ಮೆಲ್ಲಗೆ ಹೇಳಿದಳು: "ನಾ ನಿನಗ ನೇಯೋದ ಕಲಸುವಾಗ ಏನ ಮಾಡತಿದ್ದೆ, ನೆನಪೈತೇನ?"

"ಹಿಂದ ಕುಂತ ಕೈ ಹಿಡಿತಿದ್ದಿ."

"ಹಿಡದಿದ್ದು ನೆನಪೈತಿ ನಿನಗ. ಒಂದೊಂದ ಬೆರಳ ಸಡಿಲ ಮಾಡಕೋತ ಬಿಟ್ಟಿದ್ದೆ. ಅದ ಗೊತ್ತಾಗಿಲ್ಲ ನಿನಗ. ನೀ ಬಿಡವಲ್ಲಿ ತಮ್ಮಾ, ಅದ ನಿಂದು ತಪ್ಪು."

ಮನೆಗೆ ಬಂದವನೇ ಖುರ್ಚಿ ಎತ್ತಿಟ್ಟೆ. ಹಲಗೆಗಳನ್ನು ಒಂದೊಂದಾಗಿ ತೆಗೆದೆ. ನಾನೂ ಹೆಂಡತಿಯೂ ಎರಡು ಬದಿಗೆ ಹಿಡಿದು ಅಕ್ಕನನ್ನು ನೆಲದ ಮೇಲೆ ಕೂರಿಸಿ ಕಾಲುಗಳನ್ನು ಕುಣಿಯೊಳಗೆ ಇಳಿಸಿದೆವು. ಬೆನ್ನಿಗೆ ಗೋಡೆಯ ಆಸರೆಯಿಲ್ಲ, ಬೀಳಬಹುದು ಎಂದು ಹೆಂಡತಿ ಹಿಂದೆ ದಿಂಬಿಟ್ಟು ತಾನು ಹತ್ತಿರವೇ ನಿಂತಳು. ಅಕ್ಕನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕ್ಯಾಮೆರಾದ ಕುತ್ತಿಗೆಯನ್ನು ಕೆಳಗೆ ಬಾಗಿಸಿದೆ. ಪರದೆಯಲ್ಲಿ ಸೊಂಟದಿಂದ ಮೇಲೆ ಮಾತ್ರ ಅಕ್ಕ ಕಂಡಳು. ಹಣ್ಣು ಬೀಳತೊಡಗಿದವು.

ನಾನು ಅವಳ ಹಿಂದೆ ಹೋಗಲಿಲ್ಲ, ಎದುರಿಗೆ ನೆಲಕ್ಕೆ ಕುಳಿತೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಇಲ್ಲದಿದ್ದರೆ ಅವು ಸುಮ್ಮನಿರುವ ಜಾತಿಯವಲ್ಲ. ಒಂದು ಹಣ್ಣು ಬಂದು ಹೋಯಿತು, ಇನ್ನೊಂದು ಹೋಯಿತು. "ಎತ್ತ" ಎನ್ನುವುದು ನನ್ನ ತುಟಿಯವರೆಗೆ ಬಂದು ನಿಂತಿತು. ಹೆಂಡತಿ ನನ್ನ ಕಡೆ ನೋಡುತ್ತಿದ್ದಳು. ಬಹಳ ಹೊತ್ತಾಯಿತು, ಆಟ ಎರಡು ಸಲ ಮುಗಿದು ಮತ್ತೆ ಶುರುವಾಯಿತು. ಅಕ್ಕನ ಬಲಗೈ ಹಗ್ಗವಿಲ್ಲದ ಗಾಳಿಯಲ್ಲಿ ಒಮ್ಮೆ ಜಗ್ಗಿತು. ಎಡಗೈ ಮಡಿಲಿನಿಂದ ಜಾರಿತು. ಜಾರಿದ್ದು ಕೆಳಗೆ ಬೀಳದೆ, ಹಣಿಗೆ ಹಿಡಿಯಲು ಹೋಗುವ ಹಾಗೆ, ನಡುಗುತ್ತ ಮುಂದಕ್ಕೆ ಹೋಯಿತು. ಗಂಟೆ ಬಾರಿಸಿತು.

ಈಗ ಅದೆಲ್ಲ ಆಗಿ ಹತ್ತಿರ ಹತ್ತಿರ ವರ್ಷವಾಗುತ್ತ ಬಂತು. ಅಕ್ಕನ ಎಡಗೈ ಭುಜದ ಮಟ್ಟಕ್ಕೆ ಏಳುತ್ತದೆ, ಲೋಟ ಹಿಡಿಯುತ್ತದೆ. ಹಣಿಗೆ ಎಳೆಯುವಷ್ಟು ಬಲ ಬಂದಿಲ್ಲ. ಬರಲಿಕ್ಕಿಲ್ಲ ಎಂದು ಮೇಡಂ ಮೆಲ್ಲಗೆ ಹೇಳಿದ್ದಾರೆ. ಆ ಇಪ್ಪತ್ತು ದಿನ ಸರಿಯಾಗಿ ಆಡಿಸಿದ್ದರೆ ಬರುತ್ತಿತ್ತೇನು ಎಂದು ಅವರನ್ನು ಕೇಳಬೇಕೆಂದು ಎಷ್ಟೋ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೇನೆ. ಕೇಳದೆಯೇ ಇಳಿದು ಬಂದಿದ್ದೇನೆ. ಅಕ್ಕ ಮಾತ್ರ ಆ ದಿನಗಳ ಮಾತು ಎತ್ತುವುದೇ ಇಲ್ಲ. ನನಗೆ ಬೇಜಾರಾದೀತು ಅಂತ.