ಬದುವಿನ ಜಗಳ, ಆನೆಯ ಕಾವಲು

ಅಕ್ಕಪಕ್ಕದವರ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಕೂತು ಬಗೆಹರಿಸುವುದು ನನ್ನ ಕೆಲಸ. ಒಮ್ಮೆ ಹೂಗ್ಯಂ ಎಂಬ ಊರಿಗೆ ಹೋಗಿದ್ದೆ. ಮಾದಪ್ಪ, ಪುಟ್ಟಸ್ವಾಮಿ ಇಬ್ಬರದೂ ಕಾಡಂಚಿನ ಹೊಲ. ನಡುವಿನ ಬದು ಯಾರದೆಂದು ಜಗಳವಾಡಿ, ವರ್ಷಗಳಿಂದ ಮಾತು ಬಿಟ್ಟಿದ್ದರು. ಅದೇ ಬದುವಿನ ಮೇಲೆ ನನ್ನನ್ನು ನಡುವೆ ಕೂರಿಸಿಕೊಂಡು, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು.

ಎರಡೂ ಹೊಲದಲ್ಲಿ ಮುಸುಕಿನ ಜೋಳ ತೆನೆಗಟ್ಟಿತ್ತು. ಕಾವಲಿನ ಅಟ್ಟಣೆ ಮಾತ್ರ ಒಂದೇ ಇತ್ತು.

"ರಾತ್ರಿ ಆನೆ ಕಾಯೋರು ಯಾರು?" ಎಂದೆ.

"ಅರ್ಧ ರಾತ್ರಿ ಗಂಟ ನಾನು ಸಾ, ಆಮೇಕೆ ಅವನು," ಎಂದ ಮಾದಪ್ಪ. "ಅವನ ಮನೆ ಕಡೀಕೆ ಬ್ಯಾಟ್ರಿ ಬೆಳಕು ಬಿಟ್ರೆ ಎದ್ದು ಬತ್ತಾನೆ."

"ಎರಡು ಹೊಲಕ್ಕೂನಾ?"

"ಇನ್ನೇನು ಸಾ? ಆನೆ ಬದು ನೋಡ್ಕಂಡು ಬತ್ತದಾ?"

ಒಂದು ಮಾತೂ ಆಡದೆ ಇವರು ಒಬ್ಬರ ಅನ್ನವನ್ನು ಒಬ್ಬರು ಕಾಯುತ್ತಾ ಬಂದಿದ್ದರು. ಹುರುಪಿನಲ್ಲಿ, "ಹಾಗಾದ್ರೆ ಇವತ್ತೇ ಮಾತಾಡಿಬಿಡಿ" ಎಂದೆ.

ಪುಟ್ಟಸ್ವಾಮಿ ಗಾಬರಿಯಿಂದ ನನ್ನ ಕಡೆ ತಿರುಗಿದ. "ಬದು ಅಳತೆ ಮಾಡ್ಸಿ ಸಾ, ಒಪ್ಕತೀವಿ. ಮಾತು ಮಾತ್ರ ಬ್ಯಾಡ. ಮಾತು ಸುರುವಾದ್ರೆ ನಾಳೀಕೆ ಕಾವಲಿಗೂ ಜಗಳ ಬತ್ತದೆ."

ಮಾದಪ್ಪ ಬೆನ್ನು ಹಾಕಿಕೊಂಡೇ ಹೌದೆಂದು ತಲೆಯಾಡಿಸಿದ. ಅವತ್ತು ನಾನು ಮಾಡಿಸಿದ ಒಪ್ಪಂದ ಅದೊಂದೇ: ಸಂಧಾನಕ್ಕೆ ಬಂದವನು ಬಾಯಿ ಮುಚ್ಚಿಕೊಂಡಿರಬೇಕು.