ಮಾಳಿಗೆಯ ಮೇಲಿನ ಪರೀಕ್ಷೆ

ಹೋದ ವಾರ ಅಥಣಿಯ ನನ್ನ ಬಾಡಿಗೆ ಮನೆಗೆ ಇಂಟರ್‌ನೆಟ್ ಲೈನ್ ಎಳೆಯಲು ಬಂದವನು ನಡುಮನೆಯಲ್ಲಿ ಕೂತು ನೀಲಿ ಕೇಬಲ್ ಕತ್ತರಿಸಿ ಅದರ ಸಿಪ್ಪೆ ಸುಲಿದ. ಹೊಸ ಪ್ಲಾಸ್ಟಿಕ್ಕಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮೂರು ಶೇಡಬಾಳದ ಪಕ್ಕದ ಮನೆಯ ವೈನಿ ನೆನಪಾದರು. ಸಂಜೆ ಫ್ಯಾಕ್ಟರಿಯಿಂದ ಬಂದು ನಮ್ಮ ಕಟ್ಟೆಯ ಮೇಲೆ ಒಂದು ಗಳಿಗೆ ಕೂರುತ್ತಿದ್ದಾಗ ಅವರ ಕೈಗೆ ಇದೇ ವಾಸನೆ ಇರುತ್ತಿತ್ತು. ಸಾಬೂನಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಅವರೇ ನಗುತ್ತಿದ್ದರು.

ನಮ್ಮ ಗಡಿ ಭಾಗದಲ್ಲಿ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ಅವರ ಗಂಡನನ್ನು ನಾನು ಹುಟ್ಟಿದಾಗಿನಿಂದ ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರು ವೈನಿಯಾದರು. ಅವರ ಅತ್ತೆಗೆ ಓಣಿಯವರೆಲ್ಲ ಆಯಿ ಎನ್ನುತ್ತಿದ್ದೆವು. ಎರಡು ಮನೆಗಳ ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು.

ವೈನಿ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆಯ ಕೆಲಸದಲ್ಲಿದ್ದರು. ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದಿಂದ ಆಫೀಸಿನವರೆಗೆ ಹೋಗುವ ಲೈನನ್ನು ಸರಿಯಾಗಿ ಇಡುವುದು ಅವರ ಕೆಲಸ. ಕಬ್ಬು ಅರೆಯುವ ಹಂಗಾಮಿನಲ್ಲಿ ಆ ಲೈನು ಒಂದರ್ಧ ಗಂಟೆ ಸತ್ತರೆ ಸಾಕು, ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬರುತ್ತಿತ್ತು, ಚಾಲಕರ ಬೈಗುಳ ಎರಡು ಭಾಷೆಗಳಲ್ಲಿ ಬರುತ್ತಿತ್ತು. ಬಿ.ಎಸ್‌ಸಿ. ಮುಗಿದ ವರ್ಷವೇ ಮದುವೆಯಾಗಿ ಬಂದವರು ಅವರು. ಮುಂದೆ ಓದಬೇಕೆಂಬ ಆಸೆ ಅಡುಗೆಮನೆಯಲ್ಲೇ ಉಳಿದಿತ್ತು. ಕಾರ್ಖಾನೆಯಲ್ಲಿ ಕಾಯಂ ಹುದ್ದೆಯೊಂದು ಬರಲಿದೆ, ಆದರೆ ಅದಕ್ಕೆ ಸ್ನಾತಕೋತ್ತರ ಪದವಿ ಬೇಕು ಎಂಬ ಸುದ್ದಿ ಬಂದಾಗ ಅವರು ದೂರದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್‌ಸಿ.ಗೆ ಸೇರಿದರು. ವಿಷಯ ಕಂಪ್ಯೂಟರ್ ನೆಟ್‌ವರ್ಕಿಂಗ್. ಇಬ್ಬರು ಮಕ್ಕಳ ತಾಯಿಗೆ ಈಗೆಂಥ ಓದು ಎಂದು ಓಣಿಯಲ್ಲಿ ಆಡಿಕೊಂಡವರು ಕಡಿಮೆಯಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಓದಿದರೆ ಓದಿನ ಬಗ್ಗೆ ಅವರ ಹೊರತು ಉಳಿದವರೆಲ್ಲ ಮಾತಾಡುತ್ತಾರೆ.

ಆಡಿಕೊಳ್ಳದವರು ಆಯಿ ಒಬ್ಬರೇ. ಒಂದು ದಿನ ಸೊಸೆ ಲ್ಯಾಪ್‌ಟಾಪ್ ಮುಂದೆ ಕೂತು ಪಾಠ ಕೇಳುತ್ತಿದ್ದಾಗ ಆಯಿ ಬಂದು, ಇದು ಏನು ವಿದ್ಯೆ ಎಂದು ಕೇಳಿದರು.

"ಒಂದು ಮಷಿನ್ ಇನ್ನೊಂದು ಮಷಿನ್ ಜೋಡಿ ಹೆಂಗ ಮಾತಾಡತೈತಿ ಅನ್ನೂದ್ರಿ, ಅತ್ತಿ."

"ಮಾತಾಡ್ಲೇಳವಾ," ಅಂದರು ಆಯಿ. "ಮನಷ್ಯಾರಂತೂ ಬಿಟ್ಟಾರ. ಅವಾದ್ರೂ ಮಾತಾಡ್ಲಿ."

ಅಂದಿನಿಂದ ಕ್ಲಾಸಿನ ಹೊತ್ತಿಗೆ ಮಕ್ಕಳನ್ನು ಆಯಿ ಬಸದಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳಿಗೆ ಧರ್ಮ, ಸೊಸೆಗೆ ಶಾಂತಿ, ಒಂದೇ ಏಟಿಗೆ ಎರಡು ಕೆಲಸ ಎನ್ನುತ್ತಿದ್ದರು. ನಾನು ಆಗ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕ ಹಿಡಿದುಕೊಂಡು ಅವರ ಮಾಳಿಗೆಯ ಖೋಲಿಗೆ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಅವರು ಅವರ ಪಾಡಿಗೆ, ನಾನು ನನ್ನ ಪಾಡಿಗೆ. ಆ ಖೋಲಿಯಲ್ಲಿ ಓದಿದಷ್ಟು ನಾನು ಮತ್ತೆಲ್ಲೂ ಓದಲಿಲ್ಲ...

ವೈನಿಯ ಓದಿಗೆ ಅಡ್ಡ ಬಂದದ್ದು ಕಬ್ಬು. ಪರೀಕ್ಷೆಗಳು ಹಂಗಾಮಿನಲ್ಲೇ ಬರುತ್ತಿದ್ದವು, ಹಂಗಾಮಿನಲ್ಲಿ ರಜೆ ಇಲ್ಲ. ಒಂದು ಪೇಪರು ಹೀಗೆ ತಪ್ಪಿತು. ಮರುವರ್ಷ ಅದೇ ಪೇಪರಿನ ದಿನ ಊರಿಗೇ ಕರೆಂಟಿರಲಿಲ್ಲ. ಉಳಿದದ್ದನ್ನೆಲ್ಲ ಪಾಸು ಮಾಡಿದ್ದರು, ಒಳ್ಳೆಯ ಅಂಕಗಳೇ. ಅದೊಂದು ಪೇಪರು ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು. ಮೂರನೆಯ ಸಲ ಬರೆಯದಿದ್ದರೆ ಕೋರ್ಸಿನ ಅವಧಿ ಮುಗಿಯುತ್ತದೆ, ಮಾಡಿದ್ದೆಲ್ಲ ನೀರುಪಾಲು ಎಂದು ವಿಶ್ವವಿದ್ಯಾಲಯದವರು ತಿಳಿಸಿದ್ದರು.

ಆ ವರ್ಷವೇ ಆಯಿಯ ಕಾಯಿಲೆ ಬಲಿಯಿತು. ಮೀರಜದ ಡಾಕ್ಟರರು ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಆಯಿ ಅಳಲಿಲ್ಲ. ಊರಿಗೆ ಬಂದಿದ್ದ ಮುನಿಗಳ ಬಳಿ ಹೋಗಿ ಸಲ್ಲೇಖನ ವ್ರತಕ್ಕೆ ಅಪ್ಪಣೆ ಕೇಳಿದರು. ಅನ್ನ ಬಿಟ್ಟರು, ಆಮೇಲೆ ಹಾಲು ಮಜ್ಜಿಗೆ ಬಿಟ್ಟರು, ಕೊನೆಗೆ ಬರೀ ನೀರು. ನಮ್ಮ ಜೈನರಲ್ಲಿ ಅಂಥ ಮನೆಯ ಬಾಗಿಲು ಹಾಕುವುದಿಲ್ಲ. ಮಂಗಸೂಳಿಯಿಂದ, ಜುಗೂಳದಿಂದ, ಸಾಂಗ್ಲಿಯ ಕಡೆಯಿಂದ ಜನ ದರ್ಶನಕ್ಕೆ ಬಂದು ಹೋಗುತ್ತಿದ್ದರು. ಪಾಳಿಯ ಮೇಲೆ ಹೆಂಗಸರು ಆಯಿಯ ಬಳಿ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಹೋಗುವ ಜೀವದ ಕಿವಿಗೆ ಕೊನೆಗೆ ಬೀಳುವುದು ಅದೇ ಆಗಿರಬೇಕು, ಹೇಳುವವರು ಹತ್ತಿರದವರಾಗಿರಬೇಕು ಎಂಬುದು ನಮ್ಮವರ ನಂಬಿಕೆ. ಆಯಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ಜಾಗ ವೈನಿಯದೇ ಎಂದು ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಹತ್ತಿರ ಬಂತು. ಆಯಿಯ ಸಲುವಾಗಿ ವೈನಿಗೆ ರಜೆ ಸಿಕ್ಕಿತ್ತು, ಆದರೆ ಬರೆಯುವುದಿಲ್ಲ ಎಂದು ನಿಶ್ಚಯಿಸಿದ್ದರು. ಹಿಂದಿನ ದಿನ ಆಯಿ ಅವರನ್ನು ಹತ್ತಿರ ಕರೆದರು. ನಾನು ಬೀಸಣಿಕೆ ಹಿಡಿದು ಅಲ್ಲೇ ಕೂತಿದ್ದೆ. ಆಯಿಯ ಧ್ವನಿ ಹೊರಡುತ್ತಿರಲಿಲ್ಲ, ಕಿವಿಗೊಟ್ಟು ಕೇಳಬೇಕಾಗಿತ್ತು.

"ನಾ ನನ್ನ ವ್ರತ ಬಿಡಂಗಿಲ್ಲ. ನೀ ನಿನ್ನ ಪರೀಕ್ಷಾ ಬಿಡಬ್ಯಾಡ." ಆಮೇಲೆ ನನ್ನ ಕಡೆ ನೋಡಿದರು. "ನೀ ಪಾವಟಗಿ ಮ್ಯಾಲ ಕುಂದರು. ಏನಾದ್ರೂ ಆಗ್ಲಿ, ಆಕಿನ್ನ ಕರೀಬ್ಯಾಡ."

ಆನ್‌ಲೈನ್ ಪರೀಕ್ಷೆ ಎಂದರೆ ಮನೆಯಲ್ಲಿ ಕೂತು ಆರಾಮಾಗಿ ಬರೆಯುವುದು ಎಂದು ನಾನು ತಿಳಿದಿದ್ದೆ. ಅಲ್ಲ. ಮೊದಲು ಲ್ಯಾಪ್‌ಟಾಪನ್ನು ತಿರುಗಿಸಿ ಖೋಲಿಯ ನಾಲ್ಕೂ ಗೋಡೆ, ಮೇಜಿನ ಕೆಳಗಿನ ನೆಲ, ಎಲ್ಲ ತೋರಿಸಬೇಕು. ಆಮೇಲೆ ಮುಖ ಕ್ಯಾಮೆರಾದಿಂದ ಸರಿಯಬಾರದು. ಯಾರೂ ಒಳಗೆ ಬರಬಾರದು, ಎದ್ದರೆ ಅಲ್ಲಿಗೇ ಮುಗಿಯಿತು. ಎಲ್ಲೋ ಇರುವ ಯಾರೋ ಅದನ್ನು ನೋಡುತ್ತಿರುತ್ತಾರೆ. ಅವತ್ತು ಬೆಳಿಗ್ಗೆ ವೈನಿ ಆಯಿಯ ಪಾದ ಮುಟ್ಟಿ ನಮಸ್ಕರಿಸಿ ಮಾಳಿಗೆಗೆ ಹೋದರು. ಆಯಿ ಹೇಳಿದಂತೆ ನಾನು ಮೆಟ್ಟಿಲ ಮೇಲೆ ಕೂತೆ.

ಪರೀಕ್ಷೆ ಅರ್ಧಕ್ಕೆ ಬಂದಿರಬೇಕು... ಕೆಳಗೆ ಆಯಿಯ ಉಸಿರಾಟ ಬದಲಾಯಿತು. ಮೊದಲು ಒಬ್ಬರು ಎದ್ದು ನಿಂತರು, ಆಮೇಲೆ ಎಲ್ಲರೂ. ಅಲ್ಲಿಯವರೆಗೆ ಮೆಲ್ಲಗೆ ನಡೆದಿದ್ದ ಮಂತ್ರ ಒಮ್ಮೆಲೇ ಏರಿತು. ಮನೆ ತುಂಬ ಇದ್ದವರು, ಅಂಗಳದಲ್ಲಿದ್ದವರು, ಎಲ್ಲರೂ ಗಟ್ಟಿಯಾಗಿ ಹೇಳತೊಡಗಿದರು. ಆಯಿಗೆ ಕೇಳಬೇಕಲ್ಲ. ಅಣ್ಣ ಮೆಟ್ಟಿಲ ಬಳಿ ಬಂದು ನನ್ನ ಮುಖ ನೋಡಿದ. ಕರೆಯಬೇಡ ಎಂದು ಆಯಿ ಹೇಳಿದ್ದನ್ನು ಹೇಳಿದೆ. ಅವನು ತಲೆಯಾಡಿಸಿ ಕಣ್ಣೊರೆಸಿಕೊಂಡು ತಾಯಿಯ ಬಳಿ ಹೋದ. ಆ ಮಂತ್ರ ಅಷ್ಟು ಗಟ್ಟಿಯಾಗಿ ಯಾವಾಗ ಬರುತ್ತದೆ ಎಂದು ಜೈನರ ಮನೆಯ ಸಣ್ಣ ಮಗುವಿಗೂ ಗೊತ್ತು. ಮೇಲೆ ಕೂತಿದ್ದ ವೈನಿಗೆ ಗೊತ್ತಾಗದೆ ಇರುತ್ತದೆಯೆ? ಆದರೆ ಬಾಗಿಲು ತೆರೆಯಲಿಲ್ಲ.

ಅವರು ಕೆಳಗೆ ಬಂದಾಗ ಎಲ್ಲ ಮುಗಿದಿತ್ತು. ಆಯಿಯ ತಂಗಿ, ನಿಪ್ಪಾಣಿಯ ಮಾವಶಿ, ಜನರೆಲ್ಲ ಕೇಳುವಂತೆ ಅಂದಳು: "ಬಂದ್ಯಾ? ಮುಗೀತನು ನಿನ್ನ ಕಂಪ್ಯೂಟರ್?" ವೈನಿ ಆಯಿಯ ತಲೆಯ ಬಳಿ ಹೋಗಿ ಕೂತರು. ಹೆಂಗಸರು ಸರಿದು ಜಾಗ ಕೊಟ್ಟರು, ಆದರೆ ಅದು ಪ್ರೀತಿಯಿಂದ ಕೊಟ್ಟ ಜಾಗವಾಗಿರಲಿಲ್ಲ.

ಕೆಲವು ದಿನಗಳ ಮೇಲೆ ಪರದೆಯ ಮೇಲೆ ಅಂಕ ಬಂತು. ಪಾಸಾಗಿದ್ದರು, ಚೆನ್ನಾಗಿಯೇ. ನಾನು ಕುಣಿದಾಡಿದೆ. ವೈನಿ ಆಯಿಯ ಫೋಟೋ ಮುಂದೆ ದೀಪ ಹಚ್ಚಿದರು. ಆ ಒಂದು ಸಂಜೆ ಮಾತ್ರ ಅವರ ಮುಖದಲ್ಲಿ ಗೆಲುವು ಕಂಡಿತು.

ಆಮೇಲೆ ಮೇಲ್ ಬಂತು. ಪರೀಕ್ಷೆಯ ವಿಡಿಯೊವನ್ನು ಮತ್ತೆ ನೋಡಿದ್ದಾರೆ. ಬೇರೆಯವರ ಧ್ವನಿ ಕೇಳಿಸಿದೆ, ಅದೇ ಹೊತ್ತಿಗೆ ಅಭ್ಯರ್ಥಿಯ ತುಟಿಗಳು ಆಡಿವೆ. ಯಾರಿಗೋ ಪ್ರಶ್ನೆ ಓದಿ ಹೇಳಿ ಉತ್ತರ ಪಡೆದಿದ್ದಾರೆ ಎಂದು ತೀರ್ಮಾನಿಸಿ ಪರೀಕ್ಷೆ ರದ್ದು ಮಾಡಲಾಗಿದೆ. ವೈನಿ ಅದನ್ನು ಎರಡು ಸಲ ಓದಿದರು.

"ನಂಗ ಗೊತ್ತ ಇಲ್ಲವಾ, ತಂಗಿ," ಅಂದರು. "ತುಟಿ ಆಡಿದ್ದು ಖರೇನ ನಂಗ ಗೊತ್ತಿಲ್ಲ."

ನನಗೆ ಗೊತ್ತಾಯಿತು. ಕೆಳಗೆ ಮಂತ್ರ ಏರಿದಾಗ ಅವರು ಕಣ್ಣನ್ನು ಪರದೆಯ ಮೇಲಿಟ್ಟು ಉತ್ತರ ಬರೆಯುತ್ತಲೇ ಇದ್ದರು. ಬಾಯಿ ಮಾತ್ರ ತನ್ನಷ್ಟಕ್ಕೆ ಅತ್ತೆಗಾಗಿ ಮಂತ್ರ ಹೇಳಿತ್ತು. ಹುಟ್ಟಿದಂದಿನಿಂದ ಕೇಳಿ ಬೆಳೆದದ್ದು. ಯಾರಾದರೂ ಶುರು ಮಾಡಿದರೆ ನಮ್ಮ ತುಟಿ ಕೂಡಿಕೊಳ್ಳುವುದು ನಮಗೆ ತಿಳಿಯುವುದೇ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಆದರೂ ಇಬ್ಬರೂ ಕೂತು ಬರೆದೆವು. ಸಲ್ಲೇಖನ ಎಂದರೇನು, ಮನೆಯಲ್ಲಿ ಅಂದು ಏನಾಯಿತು, ಎಲ್ಲ ಬರೆದೆವು. ಆಯಿಯ ಸಮಾಧಿಮರಣದ ಸುದ್ದಿ ಬಂದ ಪತ್ರಿಕೆಯ ತುಣುಕನ್ನೂ ಕಳಿಸಿದೆವು. ಎರಡು ಸಾಲಿನ ಉತ್ತರ ಬಂತು. ನಿಮ್ಮ ದುಃಖದಲ್ಲಿ ನಾವು ಭಾಗಿ, ನಿಯಮ ಎಲ್ಲರಿಗೂ ಒಂದೇ. ಕೋರ್ಸಿನ ಅವಧಿ ಮುಗಿದಿದೆ.

ವೈನಿ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಅಂದದ್ದು ನನಗೆ ಇವತ್ತಿಗೂ ಎದೆಯಲ್ಲಿ ಕೂತಿದೆ.

"ಅತ್ತಿ ಕಿವ್ಯಾಗ ಹೇಳಬೇಕಾಗಿತ್ತ ನಾ ಅದನ್ನ. ಅವರಿಗೆ ಕೇಳಲಿಲ್ಲ. ಕೇಳಬಾರದವರಿಗೆ ಕೇಳ್ತು."

ಕಾರ್ಖಾನೆಯ ಹುದ್ದೆಗೆ ಬೇರೆ ಯಾರೋ ಬಂದರು. ವೈನಿ ಗುತ್ತಿಗೆಯಲ್ಲೇ ಉಳಿದರು. ಮತ್ತೆ ಸೇರಿರಿ ಎಂದು ನಾನು ಹೇಳಿದಾಗೆಲ್ಲ ನೋಡೋಣು ಎನ್ನುತ್ತಿದ್ದರು. ನನಗೆ ನೌಕರಿ ಸಿಕ್ಕು ಅಥಣಿಗೆ ಬಂದೆ. ಊರಿಗೆ ಹೋದಾಗ ಮಾಳಿಗೆಯ ಖೋಲಿಯಲ್ಲಿ ಜೋಳದ ಚೀಲಗಳನ್ನು ಒಟ್ಟಿದ್ದು ಕಂಡೆ. ಹೋದ ಮಳೆಗಾಲದಲ್ಲಿ ವೈನಿಗೆ ಡೆಂಗಿ ಜ್ವರ ಬಂತು. ಮೀರಜಕ್ಕೆ ಒಯ್ಯುವುದರೊಳಗೆ ತಡವಾಗಿತ್ತು. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ವೈನಿ ಇರಲಿಲ್ಲ.

ಸೂತಕ ಕಳೆದ ದಿನ ಮನೆಯ ಅಂಗಳದಲ್ಲಿ ಜನ ಕೂಡಿದ್ದರು. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ರೂಢಿ. ಮೊದಲು ಎದ್ದು ನಿಂತದ್ದು ನಿಪ್ಪಾಣಿಯ ಮಾವಶಿಯೇ. ಇಂಥ ಸೊಸೆ ಕಂದೀಲು ಹಿಡಿದು ಹುಡುಕಿದರೂ ಸಿಗುವುದಿಲ್ಲ, ನಮ್ಮ ಅಕ್ಕ ಕಣ್ಣು ಮುಚ್ಚುವ ತನಕ ಬಾಜೂ ಬಿಟ್ಟು ಏಳಲಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ತಲೆಯಾಡಿಸಿದರು. ಬದುಕಿದ್ದಾಗ ವೈನಿಯನ್ನು ಸುಟ್ಟ ಬಾಯಿಯೇ ಇದು. ನನಗೆ ಮೈ ಉರಿಯಿತು. ಎದ್ದು ನಿಂತೆ.

"ಬಾಜೂಕ ಇರಲಿಲ್ರಿ," ಅಂದೆ. "ಮ್ಯಾಲ ಇದ್ರು. ಪರೀಕ್ಷಾ ಬರ್ಯಾಕತ್ತಿದ್ರು. ಬಿಡಬ್ಯಾಡ ಅಂತ ಆಯಿನ ಹೇಳಿದ್ರು. ವೈನಿ ಪಾಸ್ ಆಗಿದ್ರು. ಎಂ.ಎಸ್‌ಸಿ. ಆಗಿತ್ರಿ ಅವರದು."

ಪರೀಕ್ಷೆ ರದ್ದಾದದ್ದನ್ನು ಬೇಕೆಂದೇ ಬಿಟ್ಟೆ. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಯಾರೋ ಹಿರಿಯರು, "ಹೊತ್ತ ಮುಳಗಾಕ ಬಂತು, ಊಟಕ್ಕ ಏಳ್ರಿ" ಅಂದರು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಎಲ್ಲರೂ ಗಡಿಬಿಡಿಯಿಂದ ಎದ್ದು ಪಂಕ್ತಿಗೆ ಹೋದರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದರೆ ಹೇಳಲು ಬರುವುದಿಲ್ಲ. ಲೈನ್ ಎಳೆಯಲು ಬಂದವನು ಕೆಲಸ ಮುಗಿಸಿ, "ನೆಟ್ ಬಂತ್ರಿ ಮೇಡಂ, ಒಮ್ಮೆ ನೋಡಿಬಿಡ್ರಿ" ಎಂದ. ಆಮೇಲೆ ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ವಾರವಾಯಿತು, ಇನ್ನೂ ನೋಡಿಲ್ಲ.